ದಿಬ್ಬಣದ ಷೆವ್ರೊಲೆ

ನಾವು ಬಾಲಕರಾಗಿದ್ದಾಗ ಕೊರಟಗೆರೆಯ ಸಾಹುಕಾರರೊಬ್ಬರ ಹಳೆಯ ಷೆವ್ರೊಲೆ ಕಾರು ಮದುವೆಯ ದಿಬ್ಬಣದೊಡನೆ ಮಧುಗಿರಿಗೆ ಬಂದಿದ್ದಿತು. ವರನಿಗಿಂತ ಅದನ್ನು ನೋಡಿದವರೇ ಹೆಚ್ಚು!

ಅಮೆರಿಕದ ಫೋರ್ಡನ 1908ರ ‘ಟಿ’ ಮಾದರಿಗೆ ನಾಲ್ಕು ಸಿಲಿಂಡರು, 20 ಅಶ್ವಶಕ್ತಿ. 1932ರಲ್ಲಿ ಆತನೇ ಎಂಟು ಸಿಲಿಂಡರುಗಳನ್ನು ‘ವಿ’ ಆಕಾರದಲ್ಲಿ ಒಂದೇ ಎರಕದಲ್ಲಿ ಹೊಯ್ಯಿಸಿ, 65 ಅಶ್ವಶಕ್ತಿಯನ್ನು ಸಾಮಾನ್ಯರ ಕೈಗೆಟುಕಿಸಿದನು. ಅದರ ಕವಾಟಗಳು ಸಿಲಿಂಡರಿನ ಪಕ್ಕದಲ್ಲಿದ್ದವು. 1955ರ ಷೆವ್ರೊಲೆಯ ಎಂಟು ಸಿಲಿಂಡರಿನ ಯಂತ್ರದಲ್ಲಾದರೋ ಅವು ನೆತ್ತಿಯ ಮೇಲಿದ್ದುದರಿಂದ ಉಸಿರಾಟ ಸರಾಗವಾಗಿ, ಶಕ್ತಿ 162ಕ್ಕೆ ಮುಟ್ಟಿತು. ಗಾಡಿಯೂ ವರ್ಷವರ್ಷಕ್ಕೆ ಉದ್ದವಾಯಿತು. ಇಷ್ಟಕ್ಕೂ ಆಧಾರ ಅಗ್ಗದ ಪೆಟ್ರೋಲು.

1973ರಲ್ಲಿ ತೈಲದ ಬೆಲೆ ಏರಲು ಅಮೆರಿಕದವರೇ ಬೆದರಿದರು. 1977ರ ಇಂಪಾಲಾ ಗಾತ್ರದಲ್ಲಿಯೂ ತೂಕದಲ್ಲಿಯೂ ಕುಗ್ಗಿತು. ನಮ್ಮ ಸಾಹುಕಾರರು ‘ಆನೆಯನ್ನಾದರೂ ಸಾಕಬಹುದು’ ಎಂದು ಕಾರನ್ನು ಮಾರಿಬಿಟ್ಟರು. ಮರುವರ್ಷ ಅವರ ಮಗಳ ದಿಬ್ಬಣ ಸಿರಾಕ್ಕೆ ಬಸ್ಸಿನಲ್ಲಿ ಹೊರಟಿತು.