ಕತ್ತರಿಗೆ ಸಿಕ್ಕ ದೆವ್ವಗಳು

ಕೆರೆಯ ದಡದಲ್ಲಿ ಒಬ್ಬಳೇ ಆಡುತ್ತಿದ್ದ ಪುಟ್ಟ ಮರಿಯಾ, ಪೊದೆಯಿಂದ ಹೊರಬಂದ ದೈತ್ಯನನ್ನು ಕಂಡು ಹೆದರುವುದಿಲ್ಲ. ಕೈಹಿಡಿದು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು ಹೂ ಕೊಡುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆಸೆದು ತೇಲುವುದನ್ನು ನೋಡುತ್ತಾರೆ. ಹೂ ಮುಗಿಯುತ್ತವೆ. ದೈತ್ಯ ಬರಿಗೈ ನೋಡಿಕೊಳ್ಳುತ್ತಾನೆ, ಆಮೇಲೆ ಅವಳತ್ತ ಕೈಚಾಚುತ್ತಾನೆ. 1931ರ 'ಫ್ರಾಂಕೆನ್‌ಸ್ಟೈನ್' ಚಿತ್ರದ ಈ ದೃಶ್ಯ ಹಲವು ದಶಕ ಇಲ್ಲಿಗೇ ತುಂಡಾಗುತ್ತಿತ್ತು. ಆಮೇಲೆ ಕಾಣುವುದು ಮದುವೆಯ ಸಂಭ್ರಮದಲ್ಲಿರುವ ಊರು, ಆ ಗದ್ದಲದ ನಡುವೆ ಮಗಳ ಹೆಣ ಹೊತ್ತು ನಡೆದು ಬರುವ ಅಪ್ಪ.

ನಿರ್ದೇಶಕ ಜೇಮ್ಸ್ ವೇಲ್ ನಡುವಿನದನ್ನೂ ಚಿತ್ರೀಕರಿಸಿದ್ದರು. ಹೂವಿನ ಹಾಗೆ ಹುಡುಗಿಯೂ ತೇಲುತ್ತಾಳೆ ಅಂದುಕೊಂಡ ದೈತ್ಯ ಅವಳನ್ನೆತ್ತಿ ನೀರಿಗೆ ಹಾಕುತ್ತಾನೆ. ಅವಳು ಮುಳುಗುತ್ತಾಳೆ. ಏನಾಯಿತೆಂದೇ ತಿಳಿಯದೆ ಅವನು ಗಾಬರಿಬಿದ್ದು, ತಡವರಿಸುತ್ತಾ ಅಲ್ಲಿಂದ ಓಡುತ್ತಾನೆ. ಅಷ್ಟೇ. ಅಮೆರಿಕದ ಕೆಲವು ರಾಜ್ಯಗಳ ಸೆನ್ಸಾರ್ ಮಂಡಳಿಗಳು ಆಗಲೇ ಇದಕ್ಕೆ ಕತ್ತರಿ ಹಾಕಿದ್ದವು. 1934ರಲ್ಲಿ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾದ ಮೇಲೆ, ಮರುಬಿಡುಗಡೆಯ ಹೊತ್ತಿಗೆ ಎಲ್ಲ ಕಡೆಯೂ ಹೋಯಿತು. ಮಗುವಿನ ಸಾವನ್ನು ಮರೆಮಾಡಲು ಹೊರಟವರು ಮಾಡಿದ್ದೇನು? ಚಾಚಿದ ಕೈ, ಅದರ ಹಿಂದೆಯೇ ಹೆಣ. ಇವೆರಡರ ನಡುವಿನ ಜಾಗವನ್ನು ಪ್ರೇಕ್ಷಕ ತನ್ನ ಮನಸ್ಸಿನಲ್ಲಿದ್ದ ಅತಿ ಹೊಲಸು ಊಹೆಯಿಂದ ತುಂಬಿಕೊಂಡ. ತಿಳಿಗೇಡಿಯಾಗಿದ್ದವನು ಪಾತಕಿಯಾದ. ದೈತ್ಯನಾಗಿ ನಟಿಸಿದ ಬೋರಿಸ್ ಕಾರ್ಲಾಫ್‌ಗೂ ಹುಡುಗಿಯನ್ನು ಎಸೆಯುವುದು ಇಷ್ಟವಿರಲಿಲ್ಲವಂತೆ. ಆದರೂ 1980ರ ದಶಕದಲ್ಲಿ ಆ ತುಣುಕು ಚಿತ್ರಕ್ಕೆ ಮರಳಿದ ಮೇಲೆ ನೋಡಿದರೆ, ವೇಲ್ ಅವರದೇ ಸರಿ ಅನ್ನಿಸುತ್ತದೆ. ಅದೇ ಚಿತ್ರದಲ್ಲಿ ವಿಜ್ಞಾನಿ ತನ್ನನ್ನು ದೇವರಿಗೆ ಹೋಲಿಸಿಕೊಳ್ಳುವ ಮಾತಿನ ಮೇಲೆ ಗುಡುಗಿನ ಸದ್ದು ಹಾಕಿ ಮುಚ್ಚಿದ್ದರು. ಅದೂ ಈಗ ಕೇಳಿಸುತ್ತದೆ.

ಅದೇ ವರ್ಷದ 'ಡ್ರಾಕುಲಾ' ಕಥೆ ಇನ್ನೊಂದು ಥರ. ಹಗಲು ಬೇಲಾ ಲುಗೋಸಿಯ ಇಂಗ್ಲಿಷ್ ತಂಡ ಚಿತ್ರೀಕರಿಸಿ ಮನೆಗೆ ಹೋದ ಮೇಲೆ, ಅದೇ ಸೆಟ್‌ಗಳಲ್ಲಿ ಅದೇ ಕಥೆಯನ್ನು ಸ್ಪ್ಯಾನಿಷ್‌ನಲ್ಲಿ ತೆಗೆಯಲು ರಾತ್ರಿಪಾಳಿಗೆ ಇನ್ನೊಂದು ತಂಡ ಬರುತ್ತಿತ್ತು. ಅದರ ನಿರ್ದೇಶಕ ಜಾರ್ಜ್ ಮೆಲ್ಫೋರ್ಡ್‌ಗೆ ಸ್ಪ್ಯಾನಿಷ್ ಬಾರದು, ದುಭಾಷಿಯನ್ನು ಇಟ್ಟುಕೊಂಡೇ ಕೆಲಸ. ಆದರೂ ಕ್ಯಾಮೆರಾ ಓಡಾಡುವ ಲವಲವಿಕೆಯಲ್ಲಿ ರಾತ್ರಿಪಾಳಿಯದೇ ಒಂದು ಕೈ ಮೇಲು. ಅಮೆರಿಕದಲ್ಲಿದ್ದ ಸ್ಪ್ಯಾನಿಷ್ ಪ್ರತಿಯ ಒಂದು ರೀಲು ಕೊಳೆತುಹೋಗಿತ್ತು. ಆ ಭಾಗ ಸಿಕ್ಕಿದ್ದು ಕ್ಯೂಬಾದ ಹವಾನಾದಲ್ಲಿ. ಇಂಗ್ಲಿಷ್ ಆವೃತ್ತಿಯ ಕೊನೆಯಲ್ಲಿ ವ್ಯಾನ್ ಹೆಲ್ಸಿಂಗ್ ಪಾತ್ರಧಾರಿ ಪರದೆಯ ಮುಂದೆ ಬಂದು, ಇಂಥವು ನಿಜಕ್ಕೂ ಇವೆ ಎಂದು ಪ್ರೇಕ್ಷಕರನ್ನು ಹೆದರಿಸಿ ಕಳಿಸುವ ತುಣುಕೊಂದಿತ್ತು. ಮರುಬಿಡುಗಡೆಯಲ್ಲಿ ಅದಕ್ಕೂ ಕತ್ತರಿ ಬಿತ್ತು.

ಸೆನ್ಸಾರ್ ಮುಟ್ಟದ್ದನ್ನು ಫಿಲ್ಮೇ ತಿಂದುಹಾಕಿದ್ದೂ ಉಂಟು. 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಸಿಡಿಮದ್ದಿನ ದಾಯಾದಿ. ಹೊತ್ತಿಕೊಂಡರೆ ನೀರಿನೊಳಗೂ ಉರಿಯುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹೊತ್ತಿಕೊಳ್ಳದಿದ್ದರೂ ಡಬ್ಬದಲ್ಲೇ ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. ಟಾಡ್ ಬ್ರೌನಿಂಗ್ ನಿರ್ದೇಶನದ 'ಲಂಡನ್ ಆಫ್ಟರ್ ಮಿಡ್‌ನೈಟ್' (1927) ಚಿತ್ರದ ಗೊತ್ತಿದ್ದ ಕೊನೆಯ ಪ್ರತಿ ಹೋದದ್ದು ಎಂಜಿಎಂ ಸ್ಟುಡಿಯೊದ ಉಗ್ರಾಣಕ್ಕೆ 1965ರಲ್ಲಿ ಬಿದ್ದ ಬೆಂಕಿಯಲ್ಲಿ. ಎತ್ತರದ ಹ್ಯಾಟು, ಗರಗಸದಂಥ ಹಲ್ಲು, ಕಿವಿವರೆಗಿನ ನಗು: ನಟ ಲಾನ್ ಚೇನಿಯ ಆ ರಕ್ತಪಿಶಾಚಿ ವೇಷ ಸ್ಥಿರಚಿತ್ರಗಳಲ್ಲಷ್ಟೇ ಉಳಿದಿದೆ. 2002ರಲ್ಲಿ ಆ ಸ್ಥಿರಚಿತ್ರಗಳನ್ನೇ ಜೋಡಿಸಿ ಟಿಸಿಎಂ ವಾಹಿನಿ ಒಂದು ಆವೃತ್ತಿ ಮಾಡಿತು. 2014ರಲ್ಲಿ ಚಿತ್ರದ ಒಂದು ಪೋಸ್ಟರ್ 4,78,000 ಡಾಲರ್‌ಗೆ ಹರಾಜಾಯಿತು.

ಇಷ್ಟೆಲ್ಲ ಹಂಬಲಕ್ಕೆ ಆ ಚಿತ್ರ ತಕ್ಕುದಾಗಿತ್ತೇ? ನನಗೆ ಅನುಮಾನ. ಕೊಲೆಗಾರನನ್ನು ಹಿಡಿಯಲು ಹೂಡಿದ ನಾಟಕದಲ್ಲಿ ಆ ರಕ್ತಪಿಶಾಚಿ ಬರೀ ವೇಷ. ಕಥೆ ಕೊನೆಗೆ ಪತ್ತೇದಾರಿಯಾಗಿ ಮುಗಿಯುತ್ತದೆ. ಬ್ರೌನಿಂಗ್ ತಾವೇ 1935ರಲ್ಲಿ 'ಮಾರ್ಕ್ ಆಫ್ ದಿ ವ್ಯಾಂಪೈರ್' ಹೆಸರಿನಲ್ಲಿ ಅದನ್ನು ಮತ್ತೆ ತೆಗೆದರು. ಅದು ಕೈಗೆ ಸಿಗುವ ಚಿತ್ರ, ಆದ್ದರಿಂದಲೇ ಯಾರೂ ಅದಕ್ಕಾಗಿ ಹಂಬಲಿಸುವುದಿಲ್ಲ. ಚೇನಿಯ ಚಿತ್ರ ನಾಳೆ ಯಾವುದೋ ಅಟ್ಟದಲ್ಲಿ ಸಿಕ್ಕರೆ ಅದರ ಅರ್ಧ ಕೀರ್ತಿ ಇಳಿದೀತು. ಹಾಗಂತ ಸಿಗುವುದೇ ಬೇಡ ಅನ್ನಲಾರೆ, ಸಿಕ್ಕರೆ ಮೊದಲ ಸಾಲಿನಲ್ಲೇ ಕೂತು ನೋಡುವವನು ನಾನು.

ಬ್ರಿಟನ್ನಿನ 'ದಿ ವಿಕರ್ ಮ್ಯಾನ್' (1973) ಮಾತ್ರ ಇವತ್ತಿಗೂ ತೇಪೆ ಹಾಕಿಕೊಂಡೇ ಓಡಾಡುತ್ತಿದೆ. ರಾಬಿನ್ ಹಾರ್ಡಿಯ ಈ ಚಿತ್ರವನ್ನು ಕಂಪನಿ 90 ನಿಮಿಷದೊಳಕ್ಕೆ ಇಳಿಸಿತು. ಮೂಲ ನೆಗೆಟಿವ್ ಕಾಣೆ. ಎಂ3 ಹೆದ್ದಾರಿಯ ಅಡಿಗೆ ಹೂತುಹೋಯಿತೆಂಬ ದಂತಕಥೆ ಮಾತ್ರ ಚಾಲ್ತಿಯಲ್ಲಿದೆ. ಅಮೆರಿಕದ ನಿರ್ಮಾಪಕ ರೋಜರ್ ಕಾರ್ಮನ್ ಬಳಿ ಉದ್ದನೆಯ ಪ್ರತಿಯೊಂದು ಇದ್ದುದರಿಂದ ಬಿಟ್ಟುಹೋದ ಭಾಗಗಳು ವಿಡಿಯೊ ರೂಪದಲ್ಲಾದರೂ ಉಳಿದವು. ಹಾಗೆ ಜೋಡಿಸಿದ ಆವೃತ್ತಿ ನೋಡುವಾಗ ಚಿತ್ರ ಇದ್ದಕ್ಕಿದ್ದಂತೆ ಮಂಕಾಗುತ್ತದೆ, ಮತ್ತೆ ತಿಳಿಯಾಗುತ್ತದೆ. ಕತ್ತರಿ ಎಲ್ಲೆಲ್ಲಿ ಆಡಿತ್ತು ಅನ್ನುವುದಕ್ಕೆ ಬೇರೆ ಪುರಾವೆ ಬೇಡ. 2013ರಲ್ಲಿ ಹಾರ್ವರ್ಡ್ ಫಿಲ್ಮ್ ಆರ್ಕೈವ್‌ನಲ್ಲಿ ಸಿಕ್ಕ 35 ಎಂಎಂ ಪ್ರಿಂಟ್ ಆಧರಿಸಿ ಇನ್ನೊಂದು ಆವೃತ್ತಿ ಬಂತು. ಅದೂ ಪೂರ್ತಿಯಲ್ಲ, ಆದರೂ ಅದಕ್ಕಿಟ್ಟ ಹೆಸರು 'ಫೈನಲ್ ಕಟ್'.