ಐಎಸ್‌ಒ ಏರಿಸಿದರೆ ಫೋಟೋ ಕೆಡುವುದಿಲ್ಲ

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ಭದ್ರಾ ಹಿನ್ನೀರಿನಿಂದ ನೇರವಾಗಿ ನಮ್ಮ ಮನೆಗೆ ಬಂದ. ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ನದಿ ರೀವಗಳು ಅಲ್ಲಿ ಮೊಟ್ಟೆ ಇಡುತ್ತವೆ. ಫೋಟೋ ತೆಗೆಯುವವರು ರಿವರ್ ಟರ್ನ್ ಅನ್ನುತ್ತಾರಲ್ಲ, ಅದೇ ಹಕ್ಕಿ. ಸೂರ್ಯ ಸರಿಯಾಗಿ ಮೂಡುವ ಮುಂಚೆಯೇ ದೋಣಿ ಹತ್ತಿದ್ದನಂತೆ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ ಒಂದೊಂದೇ ಚಿತ್ರ ದೊಡ್ಡದು ಮಾಡಿ ನೋಡುತ್ತಾ ಹೋದೆವು. ಹಕ್ಕಿ ಚೌಕಟ್ಟಿನೊಳಗಿದೆ, ಫೋಕಸ್ ಬಿಂದು ಎದೆಯ ಮೇಲೇ ಕೂತಿದೆ. ಆದರೆ ರೆಕ್ಕೆ ಇರಬೇಕಾದಲ್ಲಿ ಬೂದು ಹೊಗೆ, ಕಣ್ಣು ಇರಬೇಕಾದಲ್ಲಿ ಒಂದು ಕಪ್ಪು ಗೆರೆ. ಆರುನೂರು ಚಿತ್ರಗಳದ್ದೂ ಇದೇ ಪಾಡು.

"ಲೆನ್ಸ್ ಕೈಕೊಟ್ಟಿದೆ ಅನ್ಸುತ್ತೆ ಮಾವ. ಸರ್ವಿಸಿಗೆ ಕೊಡಬೇಕು" ಅಂದ.

ಚಿತ್ರದ ಮಾಹಿತಿ ತೆರೆದೆ. ಷಟರ್ 1/125, ಎಫ್ 5.6, ಐಎಸ್‌ಒ 200. ಐನೂರು ಮಿಲಿಮೀಟರಿಗೆ ಎಳೆದ ಜೂಮ್, ಅಲುಗುವ ದೋಣಿ, ಗಾಳಿ ಸೀಳಿಕೊಂಡು ಹೋಗುವ ಹಕ್ಕಿ. ಅದಕ್ಕೆ 1/125!

"ಐಎಸ್‌ಒ ಯಾಕೋ ಏರಿಸಲಿಲ್ಲ?"

"ಏರಿಸಿದ್ರೆ ಗ್ರೇನ್ಸ್ ಬರುತ್ತಲ್ಲ ಮಾವ. ಎಂಟುನೂರು ದಾಟಲೇಬಾರದು, ಕಡಿಮೆ ಇದ್ದಷ್ಟೂ ಒಳ್ಳೇದು ಅಂತ ವರ್ಕ್‌ಶಾಪಲ್ಲಿ ಬರೆಸಿದ್ರು."

ಈ ಒಂದು ಮಾತು ಕೇಳಿ ಕೇಳಿ ನನಗೆ ರೋಸಿಹೋಗಿದೆ. ಮದುವೆ ಮನೆಯಲ್ಲಿ ಧಾರೆಯ ಹೊತ್ತಿಗೆ ಕೈ ಅಲುಗಿಸಿಕೊಂಡವರು, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳ ಕುಣಿತವನ್ನು ಕದಡಿದ ನೀರು ಮಾಡಿಕೊಂಡು ಬಂದವರು, ಎಲ್ಲರೂ ಇದನ್ನೇ ಹೇಳುತ್ತಾರೆ. ಹುಡುಗನ ಕೈಯಲ್ಲಿದ್ದದ್ದು ನಿಕಾನ್ ಡಿ7200. ಬಂದದ್ದು 2015ರಲ್ಲಿ, ಇವನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಮಧ್ಯಮ ದರ್ಜೆಯ ಕ್ಯಾಮೆರಾ ನಿಜ, ಆದರೆ ಮಂದ ಬೆಳಕಿಗೆ ಹೆದರುವ ಕ್ಯಾಮೆರಾ ಅಲ್ಲ. ಹುಣ್ಣಿಮೆಯ ಬೆಳಕಿನಷ್ಟು ಮಂದದಲ್ಲೂ ಫೋಕಸ್ ಹುಡುಕಬಲ್ಲದು. ಐಎಸ್‌ಒ 25,600ರವರೆಗೆ ಏರುತ್ತದೆ. ಅಂಥದ್ದನ್ನು 200ಕ್ಕೆ ಕಟ್ಟಿಹಾಕಿ ಒಂದು ಇಡೀ ಬೆಳಗನ್ನು ಕಳೆದುಕೊಂಡು ಬಂದಿದ್ದ.

ಈ ನಂಬಿಕೆ ಹುಟ್ಟಿದ್ದು ಫಿಲ್ಮಿನ ಕಾಲದಲ್ಲಿ. ಆಗ ಅದು ನಿಜವೂ ಆಗಿತ್ತು. ನೂರರ ರೋಲಿನಲ್ಲಿ ಬೆಳ್ಳಿಯ ಲವಣದ ಹರಳು ಸಣ್ಣದು, ನಾನೂರರ ರೋಲಿನಲ್ಲಿ ದಪ್ಪ. ದಪ್ಪ ಹರಳಿಗೆ ಬೆಳಕು ಬೇಗ ಸಿಗುತ್ತದೆ, ಪ್ರಿಂಟ್ ಹಿಗ್ಗಿಸಿದಾಗ ಅದೇ ಹರಳು ಮರಳಿನ ಹಾಗೆ ಕಾಣುತ್ತದೆ. ಮೂಡಿಗೆರೆಯಲ್ಲಿ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದ್ದ ಫಿಲ್ಮಿನ ದಿನಗಳಲ್ಲಿ, ಒಮ್ಮೆ ರೋಲ್ ಹಾಕಿದರೆ 36 ಚಿತ್ರ ಮುಗಿಯುವವರೆಗೂ ಅದರ ವೇಗವೇ ಗತಿ. ಡಿಜಿಟಲ್ ಕ್ಯಾಮೆರಾದಲ್ಲಿ ಐಎಸ್‌ಒ ಬದಲಿಸಿದರೆ ಸೆನ್ಸರ್ ಬದಲಾಗುವುದಿಲ್ಲ. ಅದಕ್ಕೆ ಬೀಳುವ ಬೆಳಕನ್ನು ತೀರ್ಮಾನಿಸುವುದು ಲೆನ್ಸಿನ ಕಿಂಡಿ, ಷಟರ್ ತೆರೆದಿರುವ ಹೊತ್ತು, ಎದುರಿನ ದೃಶ್ಯದ ಬೆಳಕು, ಈ ಮೂರೇ. ಬಿದ್ದಾದ ಮೇಲೆ ಹುಟ್ಟಿದ ಸಂಕೇತವನ್ನು ಎಷ್ಟು ಎತ್ತರಿಸಬೇಕು ಅನ್ನುವುದಷ್ಟೇ ಐಎಸ್‌ಒ ಕೆಲಸ.

ಹಾಗಾದರೆ ಆ ಗ್ರೇನ್ಸ್ ಎಲ್ಲಿಂದ ಬಂತು? ಬೆಳಕಿನಿಂದಲೇ ಬಂತು, ಬೆಳಕು ಸಾಲದೆ ಬಂತು. ಸೋನೆ ಹನಿಯುವಾಗ ಅಂಗಳದಲ್ಲಿ ಒಂದೇ ಅಳತೆಯ ಹತ್ತು ಬಟ್ಟಲು ಸಾಲಾಗಿ ಇಡಿ. ಎರಡು ಕ್ಷಣ ಬಿಟ್ಟು ನೋಡಿದರೆ ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಆರು, ಮತ್ತೊಂದು ಖಾಲಿ. ರಾತ್ರಿಯಿಡೀ ಬಿಟ್ಟರೆ ಎಲ್ಲದರಲ್ಲೂ ನೀರು ಹೆಚ್ಚುಕಡಿಮೆ ಒಂದೇ ಮಟ್ಟ. ಬೆಳಕೂ ಹೀಗೆ ಹನಿಹನಿಯಾಗಿಯೇ ಬೀಳುತ್ತದೆ. ಒಂದು ಪಿಕ್ಸೆಲ್ಲಿಗೆ ಸರಾಸರಿ 100 ಫೋಟಾನ್ ಬಿದ್ದರೆ ಸುಮಾರು 10ರಷ್ಟು ಏರುಪೇರು ಇದ್ದೇ ಇರುತ್ತದೆ, ಅಂದರೆ ಶೇಕಡ 10. ಹತ್ತು ಸಾವಿರ ಬಿದ್ದರೆ ಏರುಪೇರು 100, ಅಂದರೆ ಶೇಕಡ 1 ಮಾತ್ರ. ನೀಲಿ ಆಕಾಶದಲ್ಲಿ ನೀವು ಕಾಣುವ ಚುಕ್ಕೆಗಳಲ್ಲಿ ಬಹುಪಾಲು ಈ ಏರುಪೇರೇ. ಬೆಳಕು ಕಡಿಮೆ ಇದ್ದಾಗಲೇ ನಾವು ಐಎಸ್‌ಒ ಏರಿಸುವುದರಿಂದ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಕೊಡೆ ಬಿಚ್ಚಿದಾಗಲೆಲ್ಲ ಮಳೆ ಇರುತ್ತದೆ, ಆದ್ದರಿಂದ ಮಳೆ ತಂದದ್ದು ಕೊಡೆಯೇ ಅಂದ ಹಾಗಾಯಿತು.

ಹುಡುಗನಿಗೆ ಮಾತಿನಲ್ಲಿ ಹೇಳಿ ಪ್ರಯೋಜನವಿಲ್ಲ ಅಂತ ಅಡುಗೆಮನೆಗೆ ಕರೆದುಕೊಂಡು ಹೋದೆ. ರಾಗಿ ಹಿಟ್ಟಿನ ಸ್ಟೀಲ್ ಡಬ್ಬ, ಪಕ್ಕದಲ್ಲಿ ಕರಿ ಬಾಣಲೆ, ಕಿಟಕಿಯಿಂದ ಒಂದಿಷ್ಟು ಬೆಳಕು. ಕ್ಯಾಮೆರಾ ಟ್ರೈಪಾಡಿನ ಮೇಲೆ, ಮ್ಯಾನ್ಯುಯಲ್, ರಾ ಫೈಲ್. ಎಫ್ 5.6, 1/125 ಎರಡನ್ನೂ ಮುಟ್ಟದೆ ಒಂದು ಚಿತ್ರ ಐಎಸ್‌ಒ 1600ರಲ್ಲಿ, ಇನ್ನೊಂದು 100ರಲ್ಲಿ. ಎರಡನೆಯದು ಕಪ್ಪಗೆ ಬಂತು. ಸಾಫ್ಟ್‌ವೇರಿನಲ್ಲಿ ಅದನ್ನು ನಾಲ್ಕು ಸ್ಟಾಪ್ (ಒಂದೊಂದು ಸ್ಟಾಪಿಗೂ ಇಮ್ಮಡಿ) ಎತ್ತಿ ಎರಡನ್ನೂ ಅಕ್ಕಪಕ್ಕ ಇಟ್ಟೆ. ಬಾಣಲೆಯ ಮೇಲಿನ ಚುಕ್ಕೆಗಳು ಎರಡರಲ್ಲೂ ಒಂದೇ ಥರ. ತೀರಾ ಕತ್ತಲೆಯ ಮೂಲೆಯಲ್ಲಿ 100ರ ಚಿತ್ರವೇ ಒಂದು ಕೂದಲೆಳೆ ಹೆಚ್ಚು ಒರಟು. ಆಮೇಲೆ 100ರಲ್ಲೇ ಷಟರನ್ನು 1/8ಕ್ಕೆ ಇಳಿಸಿ ಹದಿನಾರು ಪಟ್ಟು ಬೆಳಕು ಕೊಟ್ಟೆ. ಬಾಣಲೆ ನುಣ್ಣಗಾಯಿತು. ಡಬ್ಬ ಕದಲುವುದಿಲ್ಲವಾದ್ದರಿಂದ 1/8 ನಡೆಯಿತು. ರೀವ ಡಬ್ಬವಲ್ಲ.

ಭದ್ರಾದಲ್ಲಿ ಇವನು 1/2000, ಐಎಸ್‌ಒ 3200 ಇಟ್ಟಿದ್ದರೆ ಚಿತ್ರದ ಹೊಳಪು ಅಷ್ಟೇ ಇರುತ್ತಿತ್ತು. ಬೆಳಕು ಹದಿನಾರರಲ್ಲಿ ಒಂದು ಪಾಲಾಗಿ ಗ್ರೇನ್ಸ್ ಖಂಡಿತ ಬರುತ್ತಿತ್ತು, ಜೊತೆಗೆ ಒಂದೊಂದು ಗರಿಯೂ ಬರುತ್ತಿತ್ತು. ಗ್ರೇನ್ಸ್ ಅನ್ನು ಸಾಫ್ಟ್‌ವೇರ್ ಬಹಳಷ್ಟು ಒರೆಸಿಹಾಕುತ್ತದೆ. ಶೇಕ್ ಆದ ಕಣ್ಣನ್ನು ಯಾವುದೂ ಮರಳಿ ಕೊಡುವುದಿಲ್ಲ.

ಈ ಕ್ಯಾಮೆರಾಕ್ಕೆ ನಿಜವಾದ ಕೊರತೆಗಳಿವೆ, ಜನ ದೂರುವುದು ಅವುಗಳನ್ನಲ್ಲ. ಇದರ ಡಿಎಕ್ಸ್ ಸೆನ್ಸರ್ 23.5 ಮಿಮೀ ಅಗಲ, 15.6 ಮಿಮೀ ಎತ್ತರ. ಫುಲ್ ಫ್ರೇಮಿನ ವಿಸ್ತೀರ್ಣ ಇದರ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಅಷ್ಟರಮಟ್ಟಿಗೆ, ಅಂದರೆ ಒಂದು ಸ್ಟಾಪಿಗಿಂತ ಕೊಂಚ ಜಾಸ್ತಿ, ಇದು ಬೆಳಕಿನಲ್ಲಿ ಬಡವ. ಹಿಂದಿನ ಪರದೆ ಮಡಚುವುದಿಲ್ಲ. ಕೆರೆಯಂಚಿನ ಕೆಸರಿನಲ್ಲಿ ಮಲಗಿ ಉಲ್ಲಂಕಿ ತೆಗೆಯುವವರು ಕತ್ತು ನೋಯಿಸಿಕೊಳ್ಳಬೇಕು. ಲೈವ್ ವ್ಯೂನಲ್ಲಿ ಫೋಕಸ್ ತಡಕಾಡುತ್ತದೆ, 4ಕೆ ವಿಡಿಯೋ ಇಲ್ಲ. ಆದರೆ ಒಮ್ಮೆ ಚಾರ್ಜ್ ಮಾಡಿದರೆ ಸಾವಿರದ ನೂರು ಚಿತ್ರದ ಬ್ಯಾಟರಿ, ಎರಡು ಕಾರ್ಡಿನ ಜಾಗ, ಹಳೆಯ ಎಎಫ್-ಡಿ ಲೆನ್ಸುಗಳನ್ನೂ ತಿರುಗಿಸುವ ಮೋಟರ್ ಇದರಲ್ಲಿವೆ. ಸೆಕೆಂಡ್ ಹ್ಯಾಂಡ್ ಬೆಲೆಗೆ ಇಷ್ಟು ಸಿಗುವುದು ದೊಡ್ಡದು.

ಮೆಗಾಪಿಕ್ಸೆಲ್ ಹುಚ್ಚಿನ ಬಗ್ಗೆ ಒಂದೇ ಮಾತು: 2017ರಲ್ಲಿ ಇದರ ಮುಂದಿನ ಮಾದರಿ ಡಿ7500 ಬಂದಾಗ 24 ಇದ್ದದ್ದು 20.9ಕ್ಕೆ ಇಳಿಯಿತೆಂದು ಅತ್ತವರು, ಎರಡನೆಯ ಕಾರ್ಡಿನ ಜಾಗವೇ ಮಾಯವಾದದ್ದನ್ನು ಗಮನಿಸಲಿಲ್ಲ. ಇಂಥ ತಪ್ಪು ನಂಬಿಕೆಗಳು ಇನ್ನೂ ಇವೆ. ಡಿಎಕ್ಸಿನಲ್ಲಿ 300 ಮಿಮೀ ಲೆನ್ಸ್ 450 ಆಗುವುದಿಲ್ಲ, ಅಂಚು ಕತ್ತರಿಸಿಹೋಗುತ್ತದೆ ಅಷ್ಟೇ. ಷಟರಿನ ಆಯುಸ್ಸು ಒಂದೂವರೆ ಲಕ್ಷ ಚಿತ್ರ ಅನ್ನುವುದು ಕಂಪನಿ ಪರೀಕ್ಷಿಸಿ ನೋಡಿದ ಅಂಕಿ. ಔಷಧಿ ಪೊಟ್ಟಣದ ಮೇಲಿನ ಎಕ್ಸ್‌ಪೈರಿ ಡೇಟ್ ಅಲ್ಲ. ಅದರಾಚೆಗೂ ಓಡಬಹುದು, ಮೊದಲೇ ನಿಲ್ಲಲೂಬಹುದು.

ನನಗೆ ಬೇಸರ ತರುವುದು ತಪ್ಪು ತಿಳಿದಿರುವುದಲ್ಲ. ಪರೀಕ್ಷಿಸುವ ಯಂತ್ರ ಕುತ್ತಿಗೆಯಲ್ಲೇ ನೇತಾಡುತ್ತಿದ್ದರೂ ಒಮ್ಮೆಯೂ ಪರೀಕ್ಷಿಸದಿರುವುದು. ಫಿಲ್ಮಿನ ದಿನಗಳಲ್ಲಿ ಪ್ರತಿ ಪ್ರಯೋಗಕ್ಕೂ ದುಡ್ಡು ಬೀಳುತ್ತಿತ್ತು, ವಾರ ಕಾಯಬೇಕಿತ್ತು. ಹಿರಿಯರ ಮಾತನ್ನು ನಂಬಿ ನಡೆಯುವುದಕ್ಕೆ ಒಂದು ಅರ್ಥವಿತ್ತು. ಈಗ ಹತ್ತು ನಿಮಿಷ, ಒಂದು ಡಬ್ಬ ಸಾಕು. ಆದರೂ ಅಂಗಡಿಯವರು ಅಂದದ್ದು, ಶಿಬಿರದಲ್ಲಿ ಬರೆಸಿದ್ದು, ಯಾರೋ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು ವೇದವಾಗುತ್ತದೆ. ಹೇಳಿದವರಿಗೂ ಇನ್ಯಾರೋ ಹೇಳಿದ್ದು, ಅವರೂ ನೋಡಿರುವುದಿಲ್ಲ.

ಹುಡುಗ ಮುಂದಿನ ವಾರ ಮತ್ತೆ ಭದ್ರಾಕ್ಕೆ ಹೋದ. ಮೊದಲ ಅರ್ಧ ಗಂಟೆಯ ಚಿತ್ರಗಳಲ್ಲಿ ಹೆಣ್ಣಿಗೆ ಮೀನು ತಂದುಕೊಡುವ ಗಂಡು ರೀವ ಇತ್ತು. ಆಕಾಶದಲ್ಲಿ ಸಣ್ಣ ಗ್ರೇನ್ಸ್, ಮೀನಿನ ಬಾಲದಿಂದ ಕಳಚುತ್ತಿದ್ದ ನೀರ ಹನಿ ಸ್ಪಷ್ಟ. ಆಮೇಲಿನ ಚಿತ್ರಗಳನ್ನು ತೋರಿಸಿ, "ಎದೆ ಪೂರ್ತಿ ಬಿಳಿ ಆಗ್ಬಿಟ್ಟಿದೆ ಮಾವ, ಗರಿನೇ ಕಾಣಲ್ಲ" ಅಂದ. ಬಿಸಿಲೇರುತ್ತಿದ್ದರೂ ಐಎಸ್‌ಒ ಅನ್ನು 3200ರಿಂದ ಇಳಿಸಿರಲಿಲ್ಲ. ಸೆನ್ಸರ್ ಇನ್ನೂ ಎಷ್ಟೋ ಬೆಳಕು ಹಿಡಿಯಬಹುದಿತ್ತು, ಎತ್ತರಿಸಿದ ಸಂಕೇತ ಮಾತ್ರ ಮಿತಿ ಮುಟ್ಟಿ ನಿಂತಿತ್ತು. ಐಎಸ್‌ಒ ನಿಜವಾಗಿ ಕಿತ್ತುಕೊಳ್ಳುವುದು ಇದನ್ನು, ಬಿಳಿಯೊಳಗಿನ ವಿವರವನ್ನು. ರಾಗಿ ಡಬ್ಬದ ಮೇಲೆ ಕಿಟಕಿಯ ಹೊಳಪು ಬಿದ್ದ ಜಾಗ ನೆನಪಿದೆಯಾ ಅಂತ ಕೇಳಿ, ಆ ಎರಡು ಫೈಲುಗಳನ್ನು ಮತ್ತೆ ತೆರೆದೆ. 100ರಲ್ಲಿ ಕಿಟಕಿಯ ಸರಳುಗಳು ಎಣಿಸುವ ಹಾಗಿದ್ದವು. 1600ರಲ್ಲಿ ಅಲ್ಲಿ ಬರೀ ಬಿಳಿ.