ಚಿತ್ರದ ಹಿನ್ನೆಲೆಗೆ ಮೇಣ ಮತ್ತು ಜಲವರ್ಣ

ಕುರುಗೋಡಿನ ದೊಡ್ಡ ಬಸವೇಶ್ವರ ದೇವಾಲಯವನ್ನೋ, ಸಿರುಗುಪ್ಪದ ಭತ್ತದ ಗದ್ದೆಯನ್ನೋ ಬರೆಯಲು ಹೇಳಿದರೆ ಮಕ್ಕಳು ಮುಖ್ಯ ವಸ್ತುವನ್ನು ಶ್ರದ್ಧೆಯಿಂದ ಬರೆದು, ಆಕಾಶ, ನೆಲ, ನೀರುಗಳನ್ನು ಬರಿದಾಗಿ ಬಿಡುತ್ತಾರೆ. ಕೈ ಪಳಗದ ಮಗುವಿಗೆ ಆ ಬರಿಯ ಹಾಳೆಯೇ ಅಂಜಿಕೆ. ಅದನ್ನು ಕಳೆಯುವ ಸುಲಭ ವಿಧಾನವೊಂದುಂಟು.

ಮೇಣವು ನೀರನ್ನು ಹತ್ತಿರ ಸೇರಿಸದು. ಬಾಟಿಕ್ ಬಟ್ಟೆಯಲ್ಲಿ ಮೇಣ ಹಚ್ಚಿದೆಡೆ ಬಣ್ಣ ಹಿಡಿಯದಿರುವುದೂ ಇದೇ ಗುಣದಿಂದ. ಮೊದಲು ಕ್ರೇಯಾನಿನಿಂದ ಮೋಡ, ಅಲೆಗಳ ಗೆರೆಗಳನ್ನು ಒತ್ತಿ ಎಳೆಯಬೇಕು. ಅನಂತರ ತೆಳುವಾಗಿ ಕಲಸಿದ ಜಲವರ್ಣವನ್ನು ಅಗಲವಾದ ಕುಂಚದಿಂದ ಹರಿಸಬೇಕು. ಮೇಣದ ಮೇಲಿನ ನೀರು ಹನಿಯಾಗಿ ಸರಿಯುತ್ತದೆ. ಉಳಿದೆಡೆ ಹಾಳೆ ಬಣ್ಣವನ್ನು ಹೀರುತ್ತದೆ. ಬಿಳಿಯ ಮೇಣದಬತ್ತಿಯ ತುಂಡಿನಿಂದ ಎಳೆದ ಕಾಣದ ಗೆರೆಗಳು ಆಗ ಬೆಳಗುತ್ತವೆ. ಒರಟು ಹಾಳೆಯ ಮೇಲೆ ಕ್ರೇಯಾನನ್ನು ಅಡ್ಡಲಾಗಿ ಉಜ್ಜಿದರೆ ಬಳ್ಳಾರಿ ಗುಡ್ಡದ ಗ್ರಾನೈಟಿನಂತಹ ಚುಕ್ಕೆಗಳು ಮೂಡುತ್ತವೆ.

ಗೆರೆ ಹಗುರವಾದರೆ ಬಣ್ಣ ಒಳನುಗ್ಗುತ್ತದೆ. ಬಣ್ಣ ಗಟ್ಟಿಯಾದರೆ ಮೇಣವನ್ನೂ ಮುಚ್ಚುತ್ತದೆ. ನಮ್ಮ ಬೇಸಿಗೆಯಲ್ಲಿ ಕ್ರೇಯಾನ್ ಮೆತ್ತಗಾಗಿ, ಹಚ್ಚಿದ ಬಣ್ಣ ಹರಡುವ ಮುನ್ನವೇ ಒಣಗಿ ಅಂಚುಗಟ್ಟುವುದರಿಂದ ಬೆಳಗಿನ ಅವಧಿಯೇ ಲೇಸು.

ನೋಟುಪುಸ್ತಕದ ತೆಳು ಹಾಳೆ ನೆನೆದು ಸುಕ್ಕುಗಟ್ಟುತ್ತದೆ. ದಪ್ಪ ಡ್ರಾಯಿಂಗ್ ಹಾಳೆಯೇ ಬೇಕು. ಬಡ ವಿದ್ಯಾರ್ಥಿಗೆ ಹೊರೆಯಾಗುವುದು ಇದೊಂದೇ. ದಾನಿಗಳ ನೆರವು ಇಲ್ಲಿ ಸಾರ್ಥಕವಾದೀತು.

ಈ ವಿಧಾನದಲ್ಲಿ ಒಂದು ಹಾಳೆ ಇನ್ನೊಂದರಂತೆ ಆಗುವುದಿಲ್ಲ. ಆದುದರಿಂದ ಉಪಾಧ್ಯಾಯರು ಅವುಗಳನ್ನು ಹೋಲಿಸಿ ಅಂಕವಿಡದಿರುವುದು ಒಳಿತು. ತನಗೆ ಬಾರದೆಂದು ಹಿಂದಿನ ಸಾಲಿನಲ್ಲಿ ಕುಳಿತ ಮಗು ತನ್ನ ಹಾಳೆಯಲ್ಲಿಯೂ ಆಕಾಶ ಮೂಡಿದುದನ್ನು ಕಂಡು ಮುಂದಿನ ಸಾಲಿಗೆ ಬರುವುದಾದರೆ, ಆ ಒಂದು ಅವಧಿಯ ಕಾಯಕ ಸಾರ್ಥಕ.